ಕಾಡು ನೋಡಲು ಹೋದ ಮೆಂಬರುಗಳು

ದೇವನಹಳ್ಳಿ

ವೋಟರ್ ಕಾರ್ಡ್ ತೋರಿಸಿ ಹೊರದೇಶಕ್ಕೆ ಹೋಗಬಹುದು ಎಂದು ನನಗೆ ಗೊತ್ತಿರಲಿಲ್ಲ. ನೇಪಾಳಕ್ಕೆ ಪಾಸ್‌ಪೋರ್ಟು ಬೇಡವಂತೆ. ಹಾಗಾಗಿ ವೋಟು ಹಾಕುವ ಕಾರ್ಡನ್ನು ಕೈಯಲ್ಲಿ ಹಿಡಿದು, ನಮಗೆ ವೋಟು ಹಾಕಿದವರನ್ನೆಲ್ಲ ಊರಲ್ಲಿ ಬಿಟ್ಟು, ನಮ್ಮ ಗ್ರಾಮ ಪಂಚಾಯಿತಿಯ ಮೆಂಬರುಗಳು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದೆವು. ಎಲ್ಲರಿಗೂ ಒಂದೇ ಬಣ್ಣದ ಟೋಪಿ ಕೊಟ್ಟಿದ್ದರು. ಅದನ್ನು ಹಾಕಿಕೊಂಡು, ಟೋಪಿ ಕೊಟ್ಟವರ ಫೋನಿನಲ್ಲೇ ನಾನು ಫೋಟೊ ಕೂಡ ತೆಗೆಸಿಕೊಂಡೆ.

ನಾನು ಶಾರದಮ್ಮ. ಹುಟ್ಟಿದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ, ಮದುವೆಯಾಗಿ ಬಂದದ್ದು ದೊಡ್ಡಬೆಳವಂಗಲ ಹೋಬಳಿಯ ಒಂದು ಹಳ್ಳಿಗೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಓಡುತ್ತವೆ. ಮಹಿಳಾ ಮೀಸಲಿನಲ್ಲಿ ಗೆದ್ದವಳು ನಿಜ, ಆದರೆ ಗಂಡನನ್ನು ಸಭೆಗೆ ಕಳಿಸಿ ಮನೆಯಲ್ಲಿ ಕೂರುವ ಮೆಂಬರು ನಾನಲ್ಲ ಎಂದು ನನಗೆ ಜಂಬವಿತ್ತು. ಆ ಜಂಬ ಈಗ ಎಲ್ಲಿ ಹೋಯಿತೋ ಹುಡುಕಬೇಕು.

ನಮ್ಮೂರ ಬಾಗಿಲಲ್ಲೇ ಗುಂಡುತೋಪು. ಹುಣಸೆ, ಹೊಂಗೆ, ಇಪ್ಪೆ, ನೇರಳೆ, ಮಾವು. ದಾರಿಯಲ್ಲಿ ಹೋಗುವವರಿಗೆ ನೆರಳಿರಲಿ ಎಂದು ಹಿಂದಿನವರು ನೆಟ್ಟು ಊರಿಗೆಲ್ಲ ಬಿಟ್ಟ ಜಾಗ. ಅದರಾಚೆ ಒಂದು ಲೇಔಟ್ ಬರುತ್ತಿದೆ. ಲೇಔಟಿಗೆ ಅಗಲವಾದ ರಸ್ತೆ ಬೇಕು, ರಸ್ತೆಗೆ ತೋಪು ಅಡ್ಡ. ಪಂಚಾಯಿತಿ ಸಭೆಯಲ್ಲಿ ಈ ಮಾತು ಬಂದಾಗ ಬೇಡ ಎಂದವರು ಇಬ್ಬರೇ, ನಾನು ಮತ್ತು ಕೆಂಪಕ್ಕ. ಕೆಂಪಕ್ಕ ನನಗಿಂತ ತುಂಬಾ ಹಿರಿಯಳು, ಅವಳೂ ಮೆಂಬರು. ತೋಪಿನ ಹುಣಸೆಹಣ್ಣು ಬಡಿದು ಮಾರಿಯೇ ಮಕ್ಕಳನ್ನು ಸಾಕಿದವಳು.

"ಮೆಷಿನ್ನು ಬರ್ಲಿ, ಹುಣಸೆ ಮರಕ್ಕೆ ಒರಗಿ ಕೂತ್ಕೊತೀನಿ. ನನ್ ಮೇಲೆ ಹತ್ತಿಸ್ಕೊಂಡು ಹೋಗ್ಲಿ" ಎಂದಳು ಸಭೆಯಲ್ಲಿ.

"ಪಕ್ಕದಲ್ಲಿ ನಾನೂ ಕೂತಿರ್ತೀನಿ" ಎಂದೆ ನಾನು. ಊರಿನವರು ಚಪ್ಪಾಳೆ ಹೊಡೆದರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಮುಂದಿನ ಸಭೆಗೆ ಮೊದಲು ಈ ಪ್ರವಾಸ ಬಂತು. ಅಧ್ಯಕ್ಷ ಮುನಿರಾಜಣ್ಣ ಮನೆ ಬಾಗಿಲಿಗೆ ಬಂದು, "ಅಧ್ಯಯನ ಪ್ರವಾಸ ಕಣಕ್ಕ. ನೇಪಾಳದಲ್ಲಿ ಬೋಳು ಗುಡ್ಡನೆಲ್ಲ ಕಾಡು ಮಾಡವ್ರಂತೆ. ನೋಡ್ಕೊಂಬಂದು ಆಮೇಲೆ ತೋಪಿನ ವಿಚಾರ ಮಾತಾಡಣ. ನಿಮ್ಮಂಥೋರೇ ಬರ್ಬೇಕು" ಎಂದ. ಖರ್ಚು ಯಾರದು ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾನೆ ಎಂಬ ಭಯ. ವಿಮಾನ ಹತ್ತುವ ಆಸೆ ನನಗೆ, ಪಶುಪತಿನಾಥನ ದರ್ಶನದ ಆಸೆ ಕೆಂಪಕ್ಕನಿಗೆ. ಲೇಔಟಿನವರ ಕಡೆಯ ಗಿರೀಶ "ವ್ಯವಸ್ಥೆ ನೋಡಿಕೊಳ್ಳಲು" ಜೊತೆಗೆ ಬರುತ್ತಾನೆ ಎಂದು ಗೊತ್ತಾದಾಗಲೂ ನಾವಿಬ್ಬರೂ ಮುಖ ಮುಖ ನೋಡಿಕೊಂಡು ಸುಮ್ಮನಾದೆವು.

ಅಡುಗೆಯ ನಾಗಣ್ಣನೂ ಬಂದಿದ್ದ. ನಮ್ಮ ಕಡೆಯವರು ಕಾಶಿಗೆ ಹೋದರೂ ಕೈಲಾಸಕ್ಕೆ ಹೋದರೂ ಅಡುಗೆಯವನನ್ನು ಕರೆದುಕೊಂಡೇ ಹೋಗುವುದು. ರಾಗಿಹಿಟ್ಟು ದೊಡ್ಡ ಬ್ಯಾಗಿನಲ್ಲಿ ಮುಂದೆ ಹೋಗಿತ್ತು. ಮುದ್ದೆ ಕೋಲು ಮಾತ್ರ ಅದರಲ್ಲಿ ಹಿಡಿಸದೆ ನಾಗಣ್ಣನ ಕೈಚೀಲದಲ್ಲಿ ನೆಟ್ಟಗೆ ನಿಂತಿತ್ತು. ತಪಾಸಣೆ ಮಾಡುವ ಹೆಂಗಸು ಅದನ್ನು ಎಳೆದು ಮೇಲೆ ಕೆಳಗೆ ನೋಡಿ, ಇದೇನು ಎಂದು ಹಿಂದಿಯಲ್ಲಿ ಕೇಳಿದಳು.

"ಹಿಟ್ಟಿನ ಕೋಲು ಕಣಮ್ಮ. ಮುದ್ದೆ ತಿರುವಕ್ಕೆ. ನಮ್ಮಜ್ಜಿ ಕಾಲದ್ದು."

ಅವಳಿಗೆ ದೊಣ್ಣೆ ಮಾತ್ರ ಕಂಡಿತು. ಕತ್ತರಿ ಚಾಕುಗಳಿದ್ದ ಡಬ್ಬಕ್ಕೆ ಅದೂ ಬಿತ್ತು. ನಾಗಣ್ಣ ಹೆಣ ಬಿಟ್ಟು ಬಂದವನ ಮುಖ ಮಾಡಿಕೊಂಡು ಈಚೆ ಬಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಕೋಲಿನಿಂದ ಮುಂದೆ ಆಗುವುದು ಗೊತ್ತಿದ್ದರೆ ಅಷ್ಟು ನಗುತ್ತಿರಲಿಲ್ಲ.

ಕಠ್ಮಂಡು

ಕಠ್ಮಂಡುವಿನಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಗಾಡಿಗೆ ಗಾಡಿ ಅಂಟಿಕೊಂಡು ನಿಂತಿದ್ದರೂ ಸುಮ್ಮನೆ ಕಾಯುತ್ತಾರೆ. ನೆಲಮಂಗಲದ ಟೋಲಿನಲ್ಲಿ ನಿಂತು ಅಭ್ಯಾಸವಾದ ಕಿವಿಗೆ ಊರೇ ಮುನಿಸಿಕೊಂಡಿದೆಯೇನೋ ಅನ್ನಿಸಿತು. ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಎಂದು ಕೇಳಿ ಕೆಂಪಕ್ಕ ಬಾಗಿಲಲ್ಲೇ ನಿಂತು, "ಸ್ವಾಮೀ, ನಾವು ದೊಡ್ಡಬಳ್ಳಾಪುರದವ್ರು" ಎಂದು ಜೋರಾಗಿ ಕೂಗಿ ಹೇಳಿದಳು. ದೇವರಿಗೆ ಹೇಳಿದಳೋ ಭಟ್ಟರಿಗೆ ಹೇಳಿದಳೋ, ಯಾರೂ ತಿರುಗಿ ನೋಡಲಿಲ್ಲ.

ನಮ್ಮ ಸಿಮ್ಮುಗಳು ಅಲ್ಲಿ ಓಡಲಿಲ್ಲ, ಗಿರೀಶನ ಫೋನು ಮಾತ್ರ ಓಡುತ್ತಿತ್ತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ನಾವೆಲ್ಲ ತಿದ್ದಿಕೊಂಡೆವು, ಕೆಂಪಕ್ಕ ಒಪ್ಪಲಿಲ್ಲ.

"ಕಾಲು ಗಂಟೆಗೋಸ್ಕರ ಯಾಕವ್ವಾ ಅದರ ಕಿವಿ ಹಿಂಡೋದು. ನಮ್ಮೂರ ಟೈಮೇ ಇರ್ಲಿ. ತೋಪಿನಾಗೆ ಈಗ ಯಾರು ಕೂತವ್ರೆ ಅಂತ ಗೊತ್ತಾಯ್ತದೆ."

ಆಮೇಲೆ ಪ್ರವಾಸದ ಉದ್ದಕ್ಕೂ ಅವಳ ಆಟ ಇದೇ. ಗಡಿಯಾರ ನೋಡಿ, "ಇಸ್ಕೂಲು ಬಿಡ್ತು, ಮಕ್ಕಳು ನೇರಳೆ ಮರದ ತಾವ ಇರ್ತವೆ" ಎನ್ನುವಳು. "ಈಗ ಡೈರಿ ಹೊತ್ತು, ಹಾಲಿನ ಕ್ಯಾನಿಟ್ಕೊಂಡು ಹೊಂಗೆ ಕೆಳಗೆ ಕೂತಿರ್ತಾರೆ" ಎನ್ನುವಳು. ನಾವು ಅವಳನ್ನು ಆಡಿಕೊಳ್ಳುತ್ತಿದ್ದೆವು.

ಮುದ್ದೆಯ ಗತಿ ಕೆಟ್ಟಿತ್ತು. ಕೋಲಿಲ್ಲದ ನಾಗಣ್ಣ ಹೋಟೆಲಿನ ಸೌಟಿನಲ್ಲಿ ಹಿಟ್ಟು ತಿರುವಿ, ಸೌಟು ಬಾಗಿ, ಮುದ್ದೆ ತುಂಬ ಗಂಟು ಬಂದವು. ಮುನಿರಾಜಣ್ಣ ಗಂಟೊಂದನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು, "ಏನಪ್ಪಾ ನಾಗಣ್ಣ, ಗೋಲಿ ಆಡ್ಸಕ್ಕೆ ಮಾಡಿದ್ಯಾ ಇದನ್ನ?" ಎಂದ. ಆ ಮಾತು ನಾಗಣ್ಣನಿಗೆ ನಾಟಿತು.

ಬೆಟ್ಟದ ದಾರಿ

ಪೂರ್ವದ ಬೆಟ್ಟಗಳ ಕಡೆಗೆ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಹಸಿರು. ಗುಡ್ಡದ ನೆತ್ತಿಯವರೆಗೂ ಮರ, ನಡುನಡುವೆ ಮೆಟ್ಟಿಲು ಗದ್ದೆ. ಇದೆಲ್ಲ ಒಂದು ಕಾಲಕ್ಕೆ ಬೋಳಾಗಿತ್ತು ಎಂದು ಡ್ರೈವರು ಹೇಳಿದಾಗ ನಾವು ನಂಬಲಿಲ್ಲ.

ಗಿರೀಶ ನನ್ನ ಪಕ್ಕಕ್ಕೆ ಬಂದು ಕೂತ. ಒಳ್ಳೆಯ ಮಾತಿನ ಹುಡುಗ, ಯಾರಿಗೂ ಏಕವಚನವಿಲ್ಲ. ಫೋನಿನಲ್ಲಿ ಒಂದು ನಕ್ಷೆ ತೋರಿಸಿದ. ಮೇಲಿನಿಂದ ಉಪಗ್ರಹ ತೆಗೆದ ಚಿತ್ರ ನೋಡಿ, ಯಾವ ವರ್ಷ ಎಲ್ಲಿ ಮರ ಹೋಯಿತು ಎಂದು ಗುರುತು ಮಾಡಿದ ನಕ್ಷೆ. ಮರ ಇದ್ದಲ್ಲಿ ಹಸಿರು, ಹೋದಲ್ಲಿ ಗುಲಾಬಿ ಚುಕ್ಕೆ. ಕೆಳಗೆ ವರ್ಷಕ್ಕೊಂದು ಕಂಬ. ನಮ್ಮ ದೇಶ ಪೂರ್ತಿ ಹಾಕಿದಾಗ ಹಳೆಯ ವರ್ಷಗಳ ಕಂಬ ಗಿಡ್ಡ, ಈಚಿನವು ಎತ್ತರ. ಈಶಾನ್ಯದ ಬೆಟ್ಟಗಳ ಮೇಲೆ ಗುಲಾಬಿ ಬಣ್ಣ ಚೆಲ್ಲಿಬಿಟ್ಟಿತ್ತು.

"ಇದು ದೇಶದ್ದಾಯ್ತು. ಈಗ ನಮ್ಮ ಹೋಬಳಿ ನೋಡಿ ಅಕ್ಕ" ಎಂದು ಬೆರಳಿನಿಂದ ಅಗಲಿಸಿದ. ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಗುಲಾಬಿ ಚುಕ್ಕೆ. "ಏನೂ ಹೋಗಿಲ್ಲ ನೋಡಿ. ಸುಮ್ನೆ ಜನ ಗಲಾಟೆ ಮಾಡ್ತಾರೆ."

ಆ ಹಸಿರು ಯಾವುದು ಎಂದು ನನಗೆ ಗೊತ್ತು. ನೀಲಗಿರಿ ತೋಪು. ಒಂದು ಸಲ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ನಾಲ್ಕಾರು ವರ್ಷಕ್ಕೆ ಲಾರಿ ಬಂದು ಮತ್ತೆ ಕಡಿದು ತುಂಬಿಕೊಂಡು ಹೋಗುತ್ತದೆ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ದನ ನಿಲ್ಲುವುದಿಲ್ಲ. ಉಪಗ್ರಹಕ್ಕೆ ಅಷ್ಟು ಎತ್ತರದಿಂದ ಅದೆಲ್ಲ ಎಲ್ಲಿ ಕಾಣಬೇಕು. ನಮ್ಮ ಗುಂಡುತೋಪನ್ನು ಹುಡುಕಿದೆ. ಅಲ್ಲಿ ಹಸಿರೇ ಇರಲಿಲ್ಲ.

"ಮರ ದೂರ ದೂರ ಇದ್ರೆ ಇದು ಕಾಡು ಅಂತ ಹಿಡ್ಯಲ್ಲ ಅಕ್ಕ. ಅಂದ್ರೆ, ನಾಳೆ ತೋಪು ಹೋದ್ರೂ ಈ ಲೆಕ್ಕಕ್ಕೆ ಬರಲ್ಲ" ಎಂದ. ನನ್ನ ಮನಸ್ಸು ಹಗುರ ಮಾಡಲು ಹೇಳುವವನ ಹಾಗೆ ಮೆತ್ತಗೆ ಹೇಳಿದ.

ಉತ್ತರ ಕೊಡಬೇಕಿತ್ತು. ಅವನು ಕೊಡಿಸಿದ ಕಿಟಕಿ ಸೀಟಿನಲ್ಲಿ ಕೂತು, ಅವನು ಕೊಡಿಸಿದ ಕಿತ್ತಳೆ ಸುಲಿಯುತ್ತಾ, "ಹೌದಾ" ಎಂದೆ.

ಗುಡ್ಡದ ಹಳ್ಳಿ

ನಾವು ಇಳಿದ ಹಳ್ಳಿಯಲ್ಲಿ ಹೆಂಗಸರು ಚೆಂಡುಹೂವಿನ ಹಾರ ಹಿಡಿದು ಸಾಲಾಗಿ ನಿಂತಿದ್ದರು. ಹಣೆಗೆ ಅಕ್ಕಿ ಕಲಸಿದ ಕೆಂಪು ತಿಲಕ ಮೆತ್ತಿದರು. ನನ್ನ ಕುತ್ತಿಗೆಗೆ ಹಾರ ಹಾಕಿದವಳು ಮಾಯಾ. ಊರಿನ ಕಾಡು ಕಾಯುವ ಸಮಿತಿಗೆ ಅವಳೇ ಅಧ್ಯಕ್ಷೆ. ಗಂಡ ದೆಹಲಿಯಲ್ಲಿ ವಾಚ್‌ಮನ್ ಆಗಿದ್ದಾಗ ಅಲ್ಲಿದ್ದು ಹಿಂದಿ ಕಲಿತವಳು. ನನಗೂ ದೊಡ್ಡಬಳ್ಳಾಪುರಕ್ಕೆ ಸೀರೆ ಕೊಳ್ಳಲು ಬರುವ ಸೇಟುಗಳ ಹಿಂದಿ ಬರುತ್ತದೆ. ಹಾಗಾಗಿ ಮಾತೆಲ್ಲ ನಮ್ಮಿಬ್ಬರ ನಡುವೆಯೇ ನಡೆಯಿತು.

"ನೀವು ನಿಮ್ಮ ಊರಿನ ತೋಪು ಕಾಯುವವರಂತೆ. ಅದಕ್ಕೇ ನಿಮ್ಮನ್ನು ನೋಡಬೇಕು ಅಂತ ಎಲ್ಲರೂ ಕೆಲಸ ಬಿಟ್ಟು ಬಂದಿದ್ದಾರೆ" ಎಂದಳು.

ನಾನು ಗಿರೀಶನ ಕಡೆ ನೋಡಿದೆ. ಅವನು ಮರದ ಕಡೆ ನೋಡುತ್ತಿದ್ದ. ಹಳ್ಳಿಯಲ್ಲಿ ಉಳಿಯಲು ಜಾಗ ಕೇಳುವಾಗ ಹಾಗೆ ಹೇಳಿಸಿದ್ದನಂತೆ. ಸುಮ್ಮನೆ ಬರುವವರಿಗಿಂತ ಕಾಡು ಕಾಯುವವರಿಗೆ ಮರ್ಯಾದೆ ಜಾಸ್ತಿ ಎಂದು. ಕುತ್ತಿಗೆಯ ಹಾರ ತೆಗೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಿಂತೆ.

ಸಮಿತಿಯ ಒಂದು ಕೋಣೆಯ ಮನೆಯಲ್ಲಿ ಚಹಾ ಕೊಟ್ಟರು. ಗೋಡೆಯ ಮೇಲೆ ಮಾಸಿದ ಫೋಟೊ ಒಂದಿತ್ತು. ಬೋಳಿಸಿದ ತಲೆಯಂಥ ಗುಡ್ಡ, ಮಣ್ಣು ಕುಸಿದ ಗಾಯಗಳು, ಒಂದು ಗಿಡವೂ ಇಲ್ಲ. ಫೋಟೊದ ಪಕ್ಕದಲ್ಲೇ ಕಿಟಕಿ. ಕಿಟಕಿಯಲ್ಲಿ ಅದೇ ಗುಡ್ಡ, ಬುಡದಿಂದ ತುದಿಯವರೆಗೂ ಕಾಡು. ನಮ್ಮ ಮೆಂಬರುಗಳೆಲ್ಲ ಫೋಟೊ ನೋಡಿ, ಕಿಟಕಿ ನೋಡಿ, ಮತ್ತೆ ಫೋಟೊ ನೋಡಿದರು. ಮುನಿರಾಜಣ್ಣನಂಥ ಮುನಿರಾಜಣ್ಣನೂ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಮೊದಲು ಪೈನ್ ನೆಟ್ಟರಂತೆ. ಆ ಸತ್ತ ಮಣ್ಣಿನಲ್ಲಿ ಬೇರೆ ಯಾವುದೂ ಹಿಡಿಯಲಿಲ್ಲವಂತೆ. ಅದರ ಸುತ್ತ ದನ ಬಿಡದೆ, ಕತ್ತಿ ಹಾಕದೆ ಕಾದರು. ಪೈನ್ ನೆರಳು ಕೊಟ್ಟ ಮೇಲೆ ಅದರ ಕೆಳಗೆ ಹಳೆಯ ಕಾಡಿನ ಗಿಡಗಳು ತಾವಾಗಿ ಎದ್ದವು. ಈಗಲೂ ಸಮಿತಿ ಹೇಳಿದ ದಿನಗಳಲ್ಲಿ ಮಾತ್ರ ಒಳಗೆ ಹೋಗಿ ಒಣಸೌದೆ, ತರಗು ತರಬೇಕು. ಹಸಿ ಮರ ಮುಟ್ಟುವ ಹಾಗಿಲ್ಲ. ಮಾಯಾ ಇದನ್ನೆಲ್ಲ ಜಂಬವಿಲ್ಲದೆ, ಮನೆಯ ಹಾಲು ಮೊಸರಿನ ಸಮಾಚಾರ ಹೇಳುವ ಹಾಗೆ ಹೇಳಿದಳು.

"ಎಲ್ಲ ನಾವೇ ಮಾಡಿದ್ದು ಅಂದರೆ ಸುಳ್ಳಾಗುತ್ತದೆ" ಎಂದೂ ಸೇರಿಸಿದಳು. "ಊರಿನ ಗಂಡಸರು ಅರಬ್ ದೇಶಕ್ಕೆ ದುಡಿಯಲು ಹೋದರು. ಮೇಲಿನ ಹೊಲ ಪಾಳು ಬಿತ್ತು. ಅಲ್ಲೂ ಕಾಡು ಬಂತು. ಈಗ ಮಂಗಗಳು ಜೋಳ ಬಿಡುವುದಿಲ್ಲ, ಚಿರತೆ ಮೇಕೆ ಹಿಡಿಯುತ್ತದೆ. ಕಾಡು ಬಂದರೆ ಅದರ ಜೊತೆ ಬರುವುದೆಲ್ಲ ಬರುತ್ತದೆ ದೀದಿ."

ಊರ ನಡುವೆ ಕಲ್ಲಿನ ಕಟ್ಟೆ. ಅದರ ಮೇಲೆ ಅರಳಿ ಮತ್ತು ಆಲ ಒಟ್ಟಿಗೆ ಬೆಳೆದಿದ್ದವು. ಎರಡನ್ನೂ ಜೊತೆಗೆ ನೆಟ್ಟು ಮದುವೆ ಮಾಡಿಸುತ್ತಾರಂತೆ. ಕೆಂಪಕ್ಕ ಅದನ್ನು ಕೇಳಿ ಕುಣಿದಾಡಿಬಿಟ್ಟಳು. "ನಮ್ಮಲ್ಲೂ ಹಂಗೇ ಅಂತ ಹೇಳವ್ವಾ. ನಮ್ದು ಅರಳಿಗೂ ಬೇವಿಗೂ ಮದ್ವೆ. ಈ ಹೆಣ್ಣು ಬೇರೆ, ಗಂಡು ಒಂದೇ." ಮಾಯಾಳಿಗೆ ನಾನು ಹೇಳಿದೆ. ಹೆಂಗಸರೆಲ್ಲ ನಕ್ಕು ಕೆಂಪಕ್ಕನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು. ಭಾಷೆ ಬಾರದಿದ್ದರೂ ಅವಳು ಅಲ್ಲಿ ಸಂಜೆವರೆಗೂ ಹರಟಿದಳು.

ಕೋಲು

ಮಾರನೆಯ ದಿನ ಮಧ್ಯಾಹ್ನ ಮುದ್ದೆ ಬಹಳ ಚೆನ್ನಾಗಿತ್ತು. ಗಂಟಿಲ್ಲ, ಬೆಣ್ಣೆಯ ಹಾಗೆ ಜಾರುತ್ತಿತ್ತು. ಮುನಿರಾಜಣ್ಣ ಎರಡನೆಯದನ್ನು ಮುರಿಯುತ್ತಾ, "ಏನ್ ಗುರು, ಇವತ್ತು ಕೈ ಪಳಗೋಯ್ತಾ?" ಎಂದು ಕೇಳಿದ. ನಾಗಣ್ಣ ಹೆಮ್ಮೆಯಿಂದ ಒಳಗಿಂದ ಒಂದು ಹೊಸ ಕೋಲು ತಂದು ತೋರಿಸಿದ. ನೆಟ್ಟಗೆ, ಒಂದೇ ಸಮನಾಗಿ, ತೊಗಟೆ ಸುಲಿದು ನುಣ್ಣಗೆ ಮಾಡಿದ ಹಸಿ ಕೋಲು.

"ಹಿಂದ್ಗಡೆ ಕಾಡಲ್ಲಿ ಸಿಕ್ತು. ಇಂಥದ್ದು ನಮ್ಮ ಕಡೆ ಹುಡುಕಿದ್ರೂ ಸಿಗಲ್ಲ" ಎಂದ.

ಅವನು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಮಾಯಾ ಮತ್ತು ಇನ್ನಿಬ್ಬರು ಹೆಂಗಸರು ನಿಂತಿದ್ದರು. ಬೆಳಿಗ್ಗೆ ಕಾವಲು ಸುತ್ತುವಾಗ ಹೊಸದಾಗಿ ಕತ್ತಿ ಬಿದ್ದ ಬುಡ ಕಂಡಿತ್ತು. ಪೈನ್ ನೆರಳಿನಲ್ಲಿ ತಾನಾಗಿ ಎದ್ದಿದ್ದ ಕಟುಸ್ ಎಂಬ ಕಾಡುಗಿಡ. ಕಟುಸ್ ವಾಪಸು ಬಂತು ಎಂದು ಅವರು ಸಂತೋಷಪಟ್ಟು ಕಾಯುತ್ತಿದ್ದ ಗಿಡಗಳಲ್ಲಿ ಒಂದು. ಮಾಯಾ ನಾಗಣ್ಣನ ಕೈಯಲ್ಲಿದ್ದ ಕೋಲು ನೋಡಿದಳು, ತಟ್ಟೆಯಲ್ಲಿದ್ದ ಮುದ್ದೆ ನೋಡಿದಳು.

ಅಲ್ಲಿಯ ಪದ್ಧತಿ ಹೀಗೆ. ತಪ್ಪಾದರೆ ಎಲ್ಲರೂ ಕಟ್ಟೆಯ ಹತ್ತಿರ ಸೇರುತ್ತಾರೆ, ತಪ್ಪು ಮಾಡಿದವರು ಏಕೆ ಮಾಡಿದೆವು ಎಂದು ಎದ್ದು ನಿಂತು ಹೇಳಬೇಕು. ಕೋಲನ್ನು ನಡುವೆ ಇಟ್ಟರು. ನಾವು ಮೆಂಬರುಗಳು ಒಂದು ಕಡೆ, ನಿನ್ನೆ ಹಾರ ಹಾಕಿದ ಹೆಂಗಸರು ಇನ್ನೊಂದು ಕಡೆ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ನಾಗಣ್ಣ ಅಳುವ ದನಿಯಲ್ಲಿ ಹೇಳಿದ್ದನ್ನೆಲ್ಲ ನಾನು ಹಿಂದಿ ಮಾಡಿದೆ. ಅಜ್ಜಿ ಕಾಲದ ಕೋಲು, ವಿಮಾನ ನಿಲ್ದಾಣ, ಸೌಟು, ಗಂಟು. ಗಂಟಿನ ವಿಷಯ ಬಂದಾಗ ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಅವರಲ್ಲೂ ರಾಗಿಹಿಟ್ಟನ್ನು ಬಿಸಿನೀರಿಗೆ ಹಾಕಿ ಕೋಲಿನಲ್ಲಿ ತಿರುವುತ್ತಾರೆ, ಢಿಂಡೊ ಎನ್ನುತ್ತಾರೆ. ನಾವು ಚೀಲಗಟ್ಟಲೆ ಹೊತ್ತು ತಂದ ಹಿಟ್ಟು ಅವರ ಮನೆಮನೆಯಲ್ಲೂ ಇತ್ತು.

"ಕೇಳಿದ್ದರೆ ನಮ್ಮ ಮನೆಯ ಕೋಲು ಕೊಡುತ್ತಿದ್ದೆವಲ್ಲ" ಎಂದಳು ಮಾಯಾ. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿ ತಿಳಿಯಲು ಕೇಳುವವಳಂತೆ, "ನಿಮ್ಮ ತೋಪಿನಲ್ಲಿ ಯಾರಾದರೂ ಕಡಿದರೆ ನೀವು ಏನು ಮಾಡುತ್ತೀರಿ?" ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಮ್ಮವರೆಲ್ಲ ತಲೆ ತಗ್ಗಿಸಿದರು. ಹಿಂದಿ ತಿಳಿಯದವರೂ ತಗ್ಗಿಸಿದರು. ನಿಜ ಹೇಳಬಹುದಿತ್ತು. ಇದು ಮರ ಕಡಿಸುವವರ ಖರ್ಚಿನಲ್ಲಿ ಬಂದ ಪ್ರವಾಸ, ನಿಮ್ಮ ಹಾರ ವಾಪಸು ತೆಗೆದುಕೊಳ್ಳಿ ಎನ್ನಬಹುದಿತ್ತು. ನಾನು ಹೇಳಿದ್ದೇ ಬೇರೆ.

"ನಾವು ಅಡ್ಡ ಕೂರುತ್ತೇವೆ" ಎಂದೆ. "ಮರಕ್ಕೆ ಒರಗಿ ಕೂರುತ್ತೇವೆ."

ಒಂದು ಸುಳ್ಳಿಗೆ ಕಾಲು ಬಂದರೆ ನಿಲ್ಲುವುದಿಲ್ಲ. ತೋಪು ಹೇಗಿದೆ ಎಂದರು, ಹೇಳುತ್ತಾ ಹೋದೆ. ಕೆಂಪಕ್ಕ ಬಡಿಯುವ ಹುಣಸೆ, ಬೇಸಿಗೆಯಲ್ಲಿ ನೆಲವೆಲ್ಲ ಬೆಳ್ಳಗಾಗುವ ಹೊಂಗೆ ಹೂವು, ಇಪ್ಪೆ ಹೂವಿನ ವಾಸನೆಗೆ ಬರುವ ಬಾವಲಿಗಳು, ಮಕ್ಕಳ ಅಂಗಿ ನೀಲಿ ಮಾಡುವ ನೇರಳೆ. ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಆ ಪರದೇಶದ ಕಟ್ಟೆಯ ಮುಂದೆ ನಿಂತು ಹೇಳುವವರೆಗೆ ಆ ತೋಪು ನನಗೆ ಇಷ್ಟು ಬೇಕಾದದ್ದು ಎಂದು ಗೊತ್ತಿರಲಿಲ್ಲ. ಹೇಳಿದ ಪ್ರತಿ ಮಾತೂ ನಿಜ. ಹೇಳುತ್ತಿದ್ದ ನಾನೊಬ್ಬಳೇ ಸುಳ್ಳು.

ಮಾಯಾಳ ಮುಖ ಅರಳಿತು. "ಅದರ ಫೋಟೊ ಕಳಿಸಿ ದೀದಿ. ನೀವೆಲ್ಲ ಅದರ ಕೆಳಗೆ ಕೂತಿರುವ ಫೋಟೊ. ಸಮಿತಿ ಮನೆಯ ಗೋಡೆಗೆ ಹಾಕುತ್ತೇವೆ." ನನ್ನ ನಂಬರು ತೆಗೆದುಕೊಂಡಳು. ಕೋಲನ್ನು ಮಾತ್ರ ವಾಪಸು ಕೊಡಲಿಲ್ಲ. ಗಿಡ ನಮ್ಮದು, ಕೋಲೂ ಇಲ್ಲೇ ಇರಲಿ ಎಂದಳು. ರಾತ್ರಿ ಊಟಕ್ಕೆ ಅದರಲ್ಲೇ ಢಿಂಡೊ ತಿರುವಿ ನಮಗೆ ಬಡಿಸಿದಳು. ನಾಗಣ್ಣ ಮೂಲೆಯಲ್ಲಿ ಕೂತು, ತಟ್ಟೆಯಿಂದ ಕಣ್ಣೆತ್ತದೆ ಉಂಡ.

ಊಟವಾದ ಮೇಲೆ ಮುನಿರಾಜಣ್ಣ ಜಗಲಿಯ ಮೇಲೆ ನನ್ನ ಹತ್ತಿರ ಬಂದು ಕೂತು, "ಅಕ್ಕ, ಊರಿಗೆ ಹೋದ್ಮೇಲೆ ತೋಪಿನ ವಿಚಾರ ಇನ್ನೊಂದ್ಸಲ ಕೂತು ಮಾತಾಡಣ. ರಸ್ತೆ ಬೇರೆ ಕಡೆಯಿಂದ ಹಾಕಕ್ಕಾಗುತ್ತಾ ನೋಡಣ" ಎಂದ. ನನಗೆ ಅವನ ಮೇಲೆ ಪ್ರೀತಿ ಬಂತು. ಪಕ್ಕದಲ್ಲಿದ್ದ ಗಿರೀಶ ಫೋನು ನೋಡುತ್ತಿದ್ದವನು ತಲೆಯೆತ್ತಿ, "ಖಂಡಿತ ಅಣ್ಣ, ನಿಮ್ಮಿಷ್ಟ" ಎಂದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಎಂದು ನಾವು ಯೋಚಿಸಲಿಲ್ಲ.

ಮತ್ತೆ ದೇವನಹಳ್ಳಿ

ವಾಪಸು ಬರುವಾಗ ನಾನು ಬೇರೆ ಹೆಂಗಸಾಗಿ ಬರುತ್ತಿದ್ದೇನೆ ಎಂದುಕೊಂಡೆ. ವಿಮಾನದಲ್ಲಿ ಕೆಂಪಕ್ಕನಿಗೆ, ತೋಪಿಗೂ ಒಂದು ಸಮಿತಿ ಮಾಡೋಣ, ನೀನೇ ಅಧ್ಯಕ್ಷೆ ಎಂದೆ. ಅವಳು, "ನಂಗೆ ಸೈನ್ ಹಾಕಕ್ಕೆ ಬರಲ್ಲ ಕಣವ್ವ, ಒರಗಿ ಕೂರಕ್ಕೆ ಬರುತ್ತೆ" ಎಂದಳು. ಗಡಿಯಾರ ತಿದ್ದುವ ಕೆಲಸ ಅವಳಿಗಿರಲಿಲ್ಲ. ಅವಳದು ಮೊದಲಿನಿಂದಲೂ ನಮ್ಮೂರ ಹೊತ್ತೇ.

ದೇವನಹಳ್ಳಿಯಿಂದ ವ್ಯಾನಿನಲ್ಲಿ ದೊಡ್ಡಬಳ್ಳಾಪುರ ದಾಟಿ ಊರ ತಿರುವಿಗೆ ಬಂದಾಗ ದಾರಿ ತಪ್ಪಿದೆವೇನೋ ಅನ್ನಿಸಿತು. ಆ ತಿರುವಿನಿಂದ ನಮ್ಮೂರ ಶಾಲೆ ಕಾಣುವುದಿಲ್ಲ, ತೋಪು ಅಡ್ಡವಿರುತ್ತದೆ. ಈಗ ಶಾಲೆಯ ಹಳದಿ ಗೋಡೆ ಪೂರ್ತಿ ಕಾಣುತ್ತಿತ್ತು. ಅದರಾಚೆ ಲೇಔಟಿನ ಸೈಟು ಕಲ್ಲುಗಳೂ ಕಾಣುತ್ತಿದ್ದವು. ಹಿಂದೆ ತಿರುಗಿ ನೋಡಿದೆ. ಗಿರೀಶ ಕೆಲಸವಿದೆ ಎಂದು ದೊಡ್ಡಬಳ್ಳಾಪುರದಲ್ಲೇ ಇಳಿದಿದ್ದ.

ನಾವು ಹೊರಟ ಮಾರನೆಯ ದಿನವೇ ಮೆಷಿನ್ನುಗಳು ಬಂದಿದ್ದವಂತೆ. ರಸ್ತೆಯ ಕಾಗದ ಪತ್ರವೆಲ್ಲ ಅವರು ಯಾವ ದಾರಿಯಲ್ಲೋ ಮೊದಲೇ ಮಾಡಿಕೊಂಡಿದ್ದರು. ನಮ್ಮ ಒಪ್ಪಿಗೆ ಅವರಿಗೆ ಬೇಕೇ ಇರಲಿಲ್ಲ. ಅಡ್ಡ ಕೂರುವವರು ಊರಲ್ಲಿ ಇರಬಾರದಿತ್ತು, ಅಷ್ಟೆ. ಮುನಿರಾಜಣ್ಣ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನಿಗೂ ತಿಳಿದಿರಲಿಲ್ಲ ಎಂದು ನಾನು ನಂಬುತ್ತೇನೆ. ನಂಬದಿದ್ದರೆ ನನ್ನ ಪಾಲಿನ ನಾಚಿಕೆ ಕಡಿಮೆಯಾದೀತೇ?

ನಮ್ಮತ್ತೆ ಮನೆ ಬಾಗಿಲಲ್ಲಿ ನಿಂತಿದ್ದರು.

"ಊರೋರೆಲ್ಲ ಹೋಗಿ ನಿಂತ್ವಿ ಕಣೆ" ಎಂದರು. "ಮೆಂಬರ್‌ಗಳನ್ನ ಕೇಳ್ದೆ ಕಡೀಬೇಡಿ ಅಂದ್ವಿ. ಅದಕ್ಕವರು, ಮೆಂಬರ್‌ಗಳೆಲ್ಲ ಒಪ್ಕೊಂಡು ಕಾಡು ನೋಡಕ್ಕೆ ಹೋಗವ್ರೆ ಅಂತ ನಿನ್ ಫೋಟೊ ತೋ‌ರ್ಸಿದ್ರು. ಟೋಪಿ ಹಾಕ್ಕೊಂಡು ನಗ್ತಿದ್ದೆ. ಆಮೇಲೆ ನಾವೇನ್ ಮಾತಾಡದು?"

ನಾನು ಚಪ್ಪಲಿ ಬಿಡಲಿಲ್ಲ, ಹಾಗೇ ತೋಪಿನ ಕಡೆ ನಡೆದೆ.

ತೋಪು

ಕೆಂಪಕ್ಕ ಆಗಲೇ ಅಲ್ಲಿದ್ದಳು. ಹುಣಸೆಯ ಬುಡದ ಮೇಲೆ ಕೂತಿದ್ದಳು. ಒರಗಲು ಏನೂ ಇರಲಿಲ್ಲ. ಪ್ರಸಾದದ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ಶಾಲೆ ಬಿಟ್ಟ ಮಕ್ಕಳು ಬಿಸಿಲಿನಲ್ಲಿ ನಿಲ್ಲದೆ ನೇರ ಮನೆಗೆ ಹೋಗುತ್ತಿದ್ದರು.

"ಆ ಗುಡ್ಡದ ಮೇಲೆ ಕೂತ್ಕೊಂಡು, ಈಗ ಡೈರಿ ಹೊತ್ತು, ಹೊಂಗೆ ಕೆಳಗೆ ಕೂತವ್ರೆ ಅಂತಿದ್ನಲ್ಲ" ಎಂದಳು. "ಅವಾಗ್ಲೇ ಹೊಂಗೆ ಮಲಗಿತ್ತು ಕಣವ್ವ."

ಪಕ್ಕದಲ್ಲಿ ಕೂರುತ್ತೇನೆ ಎಂದಿದ್ದೆ, ಕೂತೆ.

ರಾತ್ರಿ ಆ ನಕ್ಷೆಯನ್ನು ಫೋನಿನಲ್ಲಿ ಹುಡುಕಿ ತೆಗೆದೆ. ಗಿರೀಶ ಹೇಳಿದ್ದು ನಿಜ. ಮೊದಲೇ ಹಸಿರೆಂದು ಗುರುತಿಸದ ಜಾಗ ಮುಂದೆ ಯಾವ ವರ್ಷದ ಕಂಬಕ್ಕೂ ಸೇರುವುದಿಲ್ಲ. ದೇಶದ ಲೆಕ್ಕದಲ್ಲಿ ನಮ್ಮೂರು ಏನನ್ನೂ ಕಳೆದುಕೊಂಡಿಲ್ಲ. ಅಂಥ ಊರುಗಳು ತೂಬಗೆರೆಯ ಕಡೆ ಎಷ್ಟಿವೆಯೋ, ನಂದಗುಡಿಯ ಕಡೆ ಎಷ್ಟಿವೆಯೋ.

ಅದೇ ವಾರ ಮಾಯಾಳಿಂದ ಸಂದೇಶ ಬಂತು. ಗೋಡೆಯಲ್ಲಿ ಮೊಳೆ ಹೊಡೆದಿದ್ದೇವೆ, ಫೋಟೊ ಎಲ್ಲಿ ಎಂದು. ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಸಂಜೆ ತೋಪಿಗೆ ಹೋಗಿ ಫೋನು ಎತ್ತಿದೆ. ಕೆಂಪಕ್ಕ ಎದ್ದು ಪಕ್ಕಕ್ಕೆ ಹೋಗಿ, "ನನ್ನ ತೆಗೀಬ್ಯಾಡ" ಎಂದು ಸೆರಗು ಮುಖಕ್ಕೆ ಹಿಡಿದಳು. ಬುಡಗಳು, ಕಿತ್ತ ಮಣ್ಣು, ಮೇಲೆ ಟಿಪ್ಪರ್ ಎಬ್ಬಿಸಿದ ಧೂಳು. ಆ ಧೂಳಿನಲ್ಲಿ ಫೋಟೊಗೆ ಬಣ್ಣವೇ ಬರಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ, ಒಂದಕ್ಷರವೂ ಬರೆಯದೆ ಕಳಿಸಿದೆ. ನೋಡಿದರೆ ಅರ್ಥವಾಗುತ್ತದೆ, ಬೈದರೆ ಬೈಸಿಕೊಳ್ಳೋಣ ಎಂದುಕೊಂಡೆ.

ಉತ್ತರ ಬೇಗನೆ ಬಂತು, ಮಾಯಾಳದೇ ದನಿಯಲ್ಲಿ. ಹಿಂದೆ ಹೆಂಗಸರ ನಗು ಕೇಳಿಸುತ್ತಿತ್ತು.

"ಸಿಕ್ಕಿತು ದೀದಿ. ಪಾಪ, ನಿಮ್ಮದೂ ಮೊದಲು ನಮ್ಮ ಗುಡ್ಡದ ಹಾಗೇ ಇತ್ತು ಅನ್ನಿ. ಈ ಹಳೆಯ ಫೋಟೊವನ್ನು ನಮ್ಮ ಹಳೆಯದರ ಪಕ್ಕದಲ್ಲೇ ಹಾಕುತ್ತೇವೆ. ಈಗಿನದನ್ನೂ ಒಂದು ಕಳಿಸಿ."